ಹುಮಕ್ತನ ಕತ್ತಿ

ಇವತ್ತು ಒಂದು ದೇವರ ಕಥೆ. ಈ ದೇವರಿಗೆ ಗುಡಿಯಿಲ್ಲ, ತೇರಿಲ್ಲ, ಜಾತ್ರೆಯಿಲ್ಲ. ಅಮೆರಿಕದ ಒಬ್ಬ ಕಾಲೇಜು ಹುಡುಗ 1966ರಲ್ಲಿ ಕಟ್ಟತೊಡಗಿದ ಕಲ್ಪನೆಯ ಲೋಕವೊಂದರಲ್ಲಿ ಹುಟ್ಟಿದವನು ಅವನು. ಹೆಸರು ಹುಮಕ್ತ. ಯುದ್ಧಕ್ಕೂ ಅವನೇ ಒಡೆಯ, ಸಾವಿಗೂ ಅವನೇ ಒಡೆಯ. ಅವನಿಗೆ ನಡೆದುಕೊಳ್ಳುವವರು ಮಾತ್ರ ಇವತ್ತಿಗೂ ಇದ್ದಾರೆ. ಸಂಜೆ ಹೊತ್ತು ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು, ಕೈಯಲ್ಲೊಂದು ಹಾಳೆ, ಪೆನ್ಸಿಲ್ಲು, ಹಲವು ಮುಖದ ದಾಳಗಳನ್ನು ಇಟ್ಟುಕೊಂಡು, ಒಬ್ಬ ಕಥೆ ನಡೆಸುತ್ತ ಉಳಿದವರು ಒಂದೊಂದು ಪಾತ್ರವಾಗಿ ಆಡುವ ಆಟವಿದೆಯಲ್ಲ, ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ, ಅಲ್ಲಿ.

ದೇವರನ್ನು ಹೊಸದಾಗಿ ಸೃಷ್ಟಿಸುವ ಈ ಚಾಳಿ ಆಟಕ್ಕಿಂತ ಹಳೆಯದು. ಐರ್ಲೆಂಡಿನ ಲಾರ್ಡ್ ಡನ್ಸೇನಿ ಬೋಯರ್ ಯುದ್ಧದಲ್ಲಿ ಸೈನಿಕನಾಗಿದ್ದವನು. 1905ರಲ್ಲಿ ಕೈಯಿಂದ ದುಡ್ಡು ಹಾಕಿ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಪೆಗಾನದ ದೇವರುಗಳು ಅಂತ ಅದರ ಹೆಸರು. ಎಲ್ಲ ದೇವರುಗಳನ್ನೂ ಮಾಡಿ ಮುಗಿಸಿದ ಹಿರಿಯ ದೇವರು ಅಲ್ಲಿ ಮಲಗಿದ್ದಾನೆ. ಸ್ಕಾರ್ಲ್ ಎಂಬ ನಗಾರಿಯವನು ಬಡಿಯುತ್ತಲೇ ಇದ್ದಾನೆ. ಅವನ ಕೈ ನಿಂತ ದಿನ ದೇವರಿಗೆ ಎಚ್ಚರವಾಗುತ್ತದೆ, ಎಚ್ಚರವಾದ ದಿನ ಲೋಕ ಇಲ್ಲ! ಯಾವ ಪುರಾಣದ ಹಂಗೂ ಇಲ್ಲದೆ ಒಬ್ಬನೇ ಮನುಷ್ಯ ಒಂದಿಡೀ ದೇವಗಣವನ್ನು ಹುಟ್ಟಿಸಬಹುದು ಅನ್ನುವುದು ಆಗ ಕಂಡಿತು. ಮುಂದೆ ಬಂದ ಇಂಥ ದೇವರುಗಳಿಗೆಲ್ಲ ಆ ನಗಾರಿಯ ಋಣವಿದೆ.

ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ ಕಥೆ ಇನ್ನೂ ಕುತೂಹಲದ್ದು. 1916ರಲ್ಲಿ ಫ್ರಾನ್ಸಿನ ಸೋಮ್ ಕಾಳಗದ ಕಂದಕಗಳಲ್ಲಿ ಇದ್ದು ಬಂದವನು ಅವನು. ಆ ಹೊತ್ತಿನಲ್ಲೇ ಬರೆಯಲು ಹಿಡಿದ ಪುರಾಣದಲ್ಲಿ ಮಕಾರ್, ಮೆಯಾಸೆ ಎಂಬ ಅಣ್ಣ ತಂಗಿ ಬರುತ್ತಾರೆ. ಕಾದಾಟವೆಂದರೆ ಇಬ್ಬರಿಗೂ ಹಬ್ಬ. ಮುಂದೆ ತಿದ್ದುತ್ತ ತಿದ್ದುತ್ತ ಟೋಲ್ಕಿನ್ ಆ ಇಬ್ಬರನ್ನೂ ಕೈಬಿಟ್ಟ. ಉಳಿದವನು ತುಲ್ಕಾಸ್, ಆಯುಧವನ್ನೇ ಮುಟ್ಟದೆ ಬರಿಗೈಯಲ್ಲಿ ಸೆಣಸುವ ಜಟ್ಟಿ. ನಿಜವಾದ ಯುದ್ಧ ಕಂಡುಬಂದವನ ಲೋಕದಲ್ಲಿ ಯುದ್ಧವನ್ನು ಸಂಭ್ರಮಿಸುವ ದೇವರಿಗೆ ಕೊನೆಗೂ ಜಾಗ ಸಿಗಲಿಲ್ಲ. ಇದು ಆಕಸ್ಮಿಕ ಅಂತ ನಂಬುವುದು ಕಷ್ಟ. ಅತ್ತ ಟೆಕ್ಸಾಸಿನಲ್ಲಿ ರಾಬರ್ಟ್ ಹೊವಾರ್ಡ್ 1932ರಲ್ಲಿ ಕೋನನ್ ಎಂಬ ಕಾಡುವೀರನ ಮೊದಲ ಕಥೆ ಪ್ರಕಟಿಸಿದ. ಕೋನನ್‌ನ ದೇವರು ಕ್ರೋಮ್. ಹುಟ್ಟುವಾಗ ಒಂದಿಷ್ಟು ಕೆಚ್ಚು ಕೊಡುತ್ತಾನೆ, ಅಷ್ಟೇ. ಆಮೇಲೆ ಎಷ್ಟು ಮೊರೆಯಿಟ್ಟರೂ ತಿರುಗಿ ನೋಡುವುದಿಲ್ಲ.

ಇನ್ನು ಆಟದ ಕಡೆಗೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಆ ಪುಸ್ತಕದಲ್ಲಿ ಪೂಜಾರಿ ಇದ್ದಾನೆ, ಮಂತ್ರ ಹಾಕುತ್ತಾನೆ, ಗಾಯ ಮಾಯಿಸುತ್ತಾನೆ. ಯಾವ ದೇವರ ಪೂಜಾರಿ ಅಂತ ಮಾತ್ರ ಬರೆದಿಲ್ಲ. ಆರ್ನೆಸನ್ ಆಡಿಸುತ್ತಿದ್ದ ಗುಂಪಿನಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯ ಕಾಟ ಮಿತಿಮೀರಿತ್ತು. ಅವನನ್ನು ತಡೆಯಲು ಯಾರಾದರೂ ಬೇಕಿತ್ತು, ಪೂಜಾರಿ ಬಂದ. ಹೀಗೆ ದೇವರಿಗಿಂತ ಮೊದಲು ಪೂಜಾರಿ ಹುಟ್ಟಿದ ಲೋಕ ಅದು.

ದೇವರುಗಳು ಎರಡು ವರ್ಷ ತಡವಾಗಿ, 1976ರಲ್ಲಿ ರಾಬರ್ಟ್ ಕುಂಟ್ಜ್ ಮತ್ತು ಜೇಮ್ಸ್ ವಾರ್ಡ್ ಬರೆದ ಪುಸ್ತಕದಲ್ಲಿ ಬಂದರು. 1980ರಲ್ಲಿ ಅದೇ ದೊಡ್ಡದಾಗಿ, ಡೀಟೀಸ್ ಅಂಡ್ ಡೆಮಿಗಾಡ್ಸ್ ಅಂತ ಮತ್ತೆ ಬಂತು. ಗ್ರೀಕರ ದೇವರು, ನಾರ್ವೆ ಕಡೆಯ ದೇವರು, ಈಜಿಪ್ಟಿನವರು, ಎಲ್ಲರೂ ಸಾಲಾಗಿ. ಅದರಲ್ಲಿ ನಮ್ಮವರೂ ಇದ್ದಾರೆ: ಇಂದ್ರ, ಅಗ್ನಿ, ವರುಣ, ಯಮ. ಕುಕ್ಕೆಯಲ್ಲಿ ಸುಬ್ರಹ್ಮಣ್ಯನಾಗಿ ಪೂಜೆಗೊಳ್ಳುವ ಕಾರ್ತಿಕೇಯನೂ ಇದ್ದಾನೆ, ದೇವಸೇನಾಪತಿಯಾದ್ದರಿಂದ. ಆದರೆ ಅಲ್ಲಿ ಪ್ರತಿ ದೇವರ ಹೆಸರಿನ ಕೆಳಗೂ ಒಂದು ಲೆಕ್ಕವಿದೆ. ಎಷ್ಟು ಏಟು ತಿಂದರೆ ಈ ದೇವರು ಸಾಯುತ್ತಾನೆ ಅನ್ನುವ ಲೆಕ್ಕ. ಒಡಿನ್‌ಗೆ 400, ಜ್ಯೂಸ್‌ಗೆ 400. ಲೆಕ್ಕ ಕೈಗೆ ಸಿಕ್ಕ ಮೇಲೆ ಹುಡುಗರು ಸುಮ್ಮನಿರುತ್ತಾರೆಯೇ? ದೇವರನ್ನೇ ಬೇಟೆಯಾಡಿದರು. ಇಷ್ಟು ಶ್ರಮಪಟ್ಟು ಕೂಡಿಸಿದ ದೇವರುಗಳು ಕಡೆಗೆ ದೊಡ್ಡ ಗಾತ್ರದ ರಾಕ್ಷಸರಾಗಿಬಿಟ್ಟರಲ್ಲ ಅಂತ ಇವತ್ತಿಗೂ ಬೇಸರವಾಗುತ್ತದೆ.

ಈಗ ಆ ಕಾಲೇಜು ಹುಡುಗ. ಗ್ರೆಗ್ ಸ್ಟಾಫರ್ಡ್. ವಿಸ್ಕಾನ್ಸಿನ್‌ನ ಬೆಲಾಯಿಟ್ ಕಾಲೇಜಿನಲ್ಲಿ ಓದುವಾಗ ಪುರಾಣಗಳ ಹುಚ್ಚು ಹತ್ತಿತು. ಓದಿ ಓದಿ ಸಿಕ್ಕಿದ್ದು ಮುಗಿದ ಮೇಲೆ ತನ್ನದೇ ಪುರಾಣ ಬರೆಯಲು ಕೂತ. ಆ ಲೋಕಕ್ಕೆ ಗ್ಲೊರಾಂತ ಅಂತ ಹೆಸರಾಯಿತು. ಪತ್ರಿಕೆಗೆ ಕಥೆ ಕಳಿಸಿದರೆ ತಿರಸ್ಕಾರದ ಚೀಟಿ ಬಂತು. ಅದನ್ನೇ ಹಲಗೆಯ ಮೇಲೆ ಆಡುವ ಯುದ್ಧದ ಆಟವಾಗಿ ಮಾಡಿದ, ಪ್ರಕಾಶಕರ ಕೈಯಲ್ಲಿ ಅದೂ ಹೊರಬರಲಿಲ್ಲ. ಕೊನೆಗೆ 1975ರಲ್ಲಿ ಕಯಾಸಿಯಮ್ ಎಂಬ ಸ್ವಂತ ಕಂಪನಿ ತೆರೆದು ತಾನೇ ಅಚ್ಚು ಹಾಕಿದ. 1978ರಲ್ಲಿ ಸ್ಟೀವ್ ಪೆರಿನ್ ಮತ್ತು ಗೆಳೆಯರ ನಿಯಮಗಳೊಂದಿಗೆ ರೂನ್‌ಕ್ವೆಸ್ಟ್ ಎಂಬ ಆಟ ಹೊರಬಂತು. ಮರುವರ್ಷ, 1979ರಲ್ಲಿ, ಈ ಇಡೀ ಚರಿತ್ರೆಯಲ್ಲೇ ಮೇಲಾದ ಪುಸ್ತಕ: ಕಲ್ಟ್ಸ್ ಆಫ್ ಪ್ರಾಕ್ಸ್.

ಅದರಲ್ಲಿ ದೇವರನ್ನು ಕೊಲ್ಲುವ ಲೆಕ್ಕ ಸಿಗುವುದಿಲ್ಲ. ಯಾರು ಈ ದೇವರಿಗೆ ಒಕ್ಕಲಾಗಬಹುದು, ಒಕ್ಕಲಾದವರು ಏನು ಕೊಡಬೇಕು, ಏನು ಬಿಡಬೇಕು, ಯಾವ ದೇವರ ಒಕ್ಕಲಿಗೂ ಯಾವ ದೇವರ ಒಕ್ಕಲಿಗೂ ಆಗಿಬರುವುದಿಲ್ಲ, ಸತ್ತ ಮೇಲೆ ಗತಿಯೇನು, ಇವೆಲ್ಲ ಸಿಗುತ್ತವೆ. ನಡುನಡುವೆ ಬಿತೂರಿಯನ್ ವರೋಷ್ ಎಂಬ ವ್ಯಾಪಾರಿಯ ಪ್ರವಾಸದ ದಿನಚರಿ. ಅವನು ಊರೂರು ತಿರುಗುತ್ತ ಒಂದೊಂದು ದೇವರ ಭಕ್ತರ ಕೈಗೂ ಸಿಕ್ಕಿಬೀಳುತ್ತಾನೆ. ನಂಬಿಕೆಯನ್ನು ನಿಯಮದ ಪಟ್ಟಿಯಾಗಿ ಓದುವ ಬದಲು, ಸಂತೆಯಲ್ಲಿ ಎದುರಾದ ಮನುಷ್ಯರಲ್ಲಿ ಕಾಣುವಂತೆ ಮಾಡಿದ ಆ ಜಾಣ್ಮೆಗೆ ಎಷ್ಟು ಹೊಗಳಿದರೂ ಸಾಲದು.

ಹುಮಕ್ತನ ಕಥೆ ಕೇಳಿ. ಲೋಕದಲ್ಲಿ ಸಾವೇ ಇಲ್ಲದ ಕಾಲ. ಯೂರ್ಮಲ್ ಅಂತ ಒಬ್ಬ ಕಿತಾಪತಿಯ ದೇವರು ಪಾತಾಳದಿಂದ ಏನನ್ನೋ ತಂದ. ಅದು ಹುಮಕ್ತನ ಕೈ ಸೇರಿತು. ಇದರಿಂದ ಏನಾಗುತ್ತದೆ ಅಂತ ನೋಡಲು ಮರ್ತ್ಯರ ಮೂಲಪುರುಷನಾದ ಅಜ್ಜನ ಮೇಲೆ ಬೀಸಿದ. ಅಜ್ಜ ಬಿದ್ದ, ಮತ್ತೆ ಏಳಲಿಲ್ಲ. ಅವನ ಕೈಯಲ್ಲಿದ್ದದ್ದು ಸಾವು, ಅದೇ ಅವನ ಕತ್ತಿ. ಆಮೇಲೆ ಹುಮಕ್ತನ ತಮ್ಮ, ಬಿರುಗಾಳಿಯ ದೇವರು ಓರ್ಲಾಂತ್, ಅದೇ ಆಯುಧದಿಂದ ಸೂರ್ಯಚಕ್ರವರ್ತಿ ಯೆಲ್ಮ್‌ನನ್ನು ಕೊಂದುಬಿಟ್ಟ. ಲೋಕಕ್ಕೆ ಕತ್ತಲು ಕವಿಯಿತು, ದೇವರುಗಳೊಳಗೆ ಮಹಾಯುದ್ಧ ಹತ್ತಿತು. ಹುಮಕ್ತ ತಮ್ಮನ ಜೊತೆ ರಕ್ತಸಂಬಂಧವನ್ನೇ ಕಡಿದುಕೊಂಡ.

ಅವನ ಒಕ್ಕಲಾಗುವವನೂ ಅಷ್ಟೇ. ಕುಲ, ಬಂಧು, ಮನೆತನ, ಇವುಗಳ ಹಂಗು ಬಿಡಬೇಕು. ಸಾವು ಅವನಿಗೆ ಪವಿತ್ರ, ಹಾಗಾಗಿ ಸತ್ತೂ ನಡೆದಾಡುವ ಹೆಣಗಳೆಂದರೆ ಬದ್ಧದ್ವೇಷ. ಸತ್ಯವೂ ಅವನದೇ ಅಂಶ. ದೇವರು ವರ ಕೊಡುತ್ತಾನೆ, ಕತ್ತಿಗೆ ಇನ್ನಷ್ಟು ಮೊನಚು ಬರುತ್ತದೆ, ಆದರೆ ಪ್ರತಿ ವರಕ್ಕೂ ಒಂದು ಕಟ್ಟು ಬೀಳುತ್ತದೆ. ಹೊಂಚು ಹಾಕಿ ಹೊಡೆಯಬಾರದು. ವಿಷ ಮುಟ್ಟಬಾರದು. ಮಂತ್ರದಿಂದ ಗಾಯ ಮಾಯಿಸಿಕೊಳ್ಳಬಾರದು. ಇದಕ್ಕೆ ಐರಿಷ್ ವೀರಕಥೆಗಳಲ್ಲಿ ಬೇರಿದೆ. ಅಲ್ಲಿನ ಮಹಾವೀರ ಕೂಹುಲಿನ್‌ಗೆ ನಾಯಿಮಾಂಸ ತಿನ್ನಬಾರದು ಅನ್ನುವ ಕಟ್ಟು ಇತ್ತು. ಅದನ್ನು ಮುರಿಯುವಂತೆ ಮಾಡಿದ ಮೇಲೆಯೇ ಅವನ ಬಲ ಕುಂದಿದ್ದು. ಹಳೇಬೀಡಿನಲ್ಲಿ ವೀರಬಲ್ಲಾಳನೊಂದಿಗೆ ಪ್ರಾಣಬಿಟ್ಟ ಕುವರ ಲಕ್ಷ್ಮನ ಗರುಡಸ್ತಂಭದ ಮುಂದೆ ನಿಂತವರಿಗೆ, ಒಡೆಯನ ಜೊತೆಗೇ ಸಾಯುವೆನೆಂಬ ವೇಳೆವಾಳಿಯ ಮಾತು ಕೇಳಿ ಬೆಳೆದವರಿಗೆ, ಹುಮಕ್ತನ ಭಕ್ತರನ್ನು ಪರಿಚಯಿಸಬೇಕಾದ್ದೇ ಇಲ್ಲ. ಜೀವವನ್ನು ಮಾತಿಗೆ ಅಡವಿಡುವುದು ಏನೆಂದು ಆ ಕಲ್ಲೇ ಹೇಳುತ್ತದೆ.

ಬೇರೆ ಯುದ್ಧದೇವರುಗಳೂ ಬಂದರು. ಕೆನಡಾದ ಎಡ್ ಗ್ರೀನ್‌ವುಡ್‌ನ ಲೋಕದಲ್ಲಿ ಟೆಂಪಸ್, ಯಾವ ಪಕ್ಷದ ಕಡೆಗೂ ವಾಲದವನು. ಇಂಗ್ಲೆಂಡಿನ ವಾರ್‌ಹ್ಯಾಮರ್ ಎಂಬ ಆಟದಲ್ಲಿ ಖೋರ್ನ್, ರಕ್ತ ಹರಿದರೆ ಸಾಕು, ಯಾರದ್ದು ಅಂತ ಕೇಳದವನು. ಇವರಿಗೆ ಅಭಿಮಾನಿಗಳು ಬಹಳ. ಆದರೆ ಹುಮಕ್ತನ ತೂಕ ಇವರಿಗಿಲ್ಲ. ಇವರು ಕೇಳುವುದು ಎದುರಾಳಿಯ ರಕ್ತವನ್ನು. ಹುಮಕ್ತ ಕೇಳುವುದು ಭಕ್ತನ ಅಣ್ಣತಮ್ಮಂದಿರನ್ನು.

ಸ್ಟಾಫರ್ಡ್‌ಗೆ ಮಾತ್ರ ದಾರಿ ಸುಗಮವಾಗಿರಲಿಲ್ಲ. 1984ರ ಒಪ್ಪಂದದಲ್ಲಿ ರೂನ್‌ಕ್ವೆಸ್ಟ್ ಎಂಬ ಹೆಸರೇ ಅವಲಾನ್ ಹಿಲ್ ಕಂಪನಿಯ ಪಾಲಾಯಿತು. 1998ರಲ್ಲಿ ಅವನು ಕಯಾಸಿಯಮ್ ಬಿಟ್ಟು, ಗ್ಲೊರಾಂತವನ್ನಷ್ಟೇ ಹೊತ್ತು ಹೊರನಡೆದ. ಮರುವರ್ಷ ಬಂದ ಕಿಂಗ್ ಆಫ್ ಡ್ರ್ಯಾಗನ್ ಪಾಸ್ ಎಂಬ ಕಂಪ್ಯೂಟರ್ ಆಟದಲ್ಲಿ ಹುಮಕ್ತನಿಗೆ ದನ ಬಲಿಕೊಟ್ಟು ಗುಡಿ ಕಟ್ಟಿಸುವ ಅವಕಾಶ ಹೊಸ ಪೀಳಿಗೆಗೆ ಸಿಕ್ಕಿತು. 2015ರಲ್ಲಿ ಸ್ಟಾಫರ್ಡ್ ತನ್ನ ಹಳೆಯ ಕಂಪನಿಗೆ ಮರಳಿದ. ಪುರಾಣ ಬರೆದದ್ದಷ್ಟೇ ಅಲ್ಲ, ಅದನ್ನು ಬದುಕಿದ ಮನುಷ್ಯ ಅವನು. ಆತ್ಮಗಳ ಜೊತೆ ಮಾತಾಡುವ ಶಮನರ ದಾರಿಯ ಸಾಧನೆ ಅವನದು. 2018ರ ಅಕ್ಟೋಬರಿನಲ್ಲಿ, ಕ್ಯಾಲಿಫೋರ್ನಿಯಾದ ಆರ್ಕೇಟಾದಲ್ಲಿ, ಮನೆಯ ಬಳಿ, ಬಿಸಿ ಹಬೆಯಲ್ಲಿ ಬೆವರುತ್ತ ಕೂರುವ ಬೆವರುಗುಡಿಸಲಿನಲ್ಲಿ ಇದ್ದಾಗಲೇ ತೀರಿಕೊಂಡ. ರೂನ್‌ಕ್ವೆಸ್ಟ್‌ನ ಹೊಸ ಆವೃತ್ತಿ ಬಂದದ್ದೂ ಅದೇ ವರ್ಷ.

ಹೊಸ ಪುಸ್ತಕದಲ್ಲೂ ಹುಮಕ್ತನ ಹಳೆಯ ನೇಮ ಹಾಗೇ ಇದೆ. ಈ ಆಟದಲ್ಲಿ ಪಾತ್ರ ಸತ್ತರೆ ಚಲನಾ ಅರಾಯ್ ಎಂಬ ದೇವಿಯ ವೈದ್ಯರು ಮತ್ತೆ ಬದುಕಿಸಬಲ್ಲರು. ಹುಮಕ್ತನ ಒಕ್ಕಲನ್ನು ಮಾತ್ರ ಬದುಕಿಸುವಂತಿಲ್ಲ. ವೈದ್ಯೆ ಪಕ್ಕದಲ್ಲೇ ಕೂತಿರುತ್ತಾಳೆ, ಮಂತ್ರವೂ ಬಾಯಲ್ಲಿರುತ್ತದೆ. ದಾಳ ಕೆಟ್ಟದಾಗಿ ಬಿದ್ದ ಆ ರಾತ್ರಿ, ಎರಡು ವರ್ಷ ಆಡಿದ ಪಾತ್ರದ ಹಾಳೆಯನ್ನು ಆಟಗಾರ ನಾಲ್ಕಾಗಿ ಮಡಚಿ ಜೇಬಿಗಿಡುತ್ತಾನೆ. ಮೇಜಿನ ಸುತ್ತ ಯಾರೂ ಮಾತಾಡುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಒಬ್ಬರು ಖಾಲಿ ಹಾಳೆಯೊಂದನ್ನು ಅವನ ಮುಂದೆ ಸರಿಸಿ, ಈ ಸಲ ಯಾವ ದೇವರು ಅಂತ ಕೇಳುತ್ತಾರೆ.