ಊರಲ್ಲಿ ಜ್ವರವಿದ್ದಾಗ ಸಕ್ಕರೆ, ಬಿ.ಪಿ., ದಮ್ಮಿನವರು ಜಾತ್ರೆ-ಲಗ್ನಕ್ಕೆ ಹೋಗಬಹುದೇ?

(ರೋಗಿಗಳು ಹಾಗೂ ಅವರ ಜೊತೆಗಾರರಿಗಾಗಿ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸದ ಬರಹರೂಪ)

ದವಾಖಾನೆಗೆ ಬಂದಿರುವ ಹಿರಿಯರೇ, ತಾಯಂದಿರೇ, ಅವರ ಜೊತೆ ಬುತ್ತಿ ಕಟ್ಟಿಕೊಂಡು ಬಂದಿರುವ ಮಕ್ಕಳೇ, ಸೊಸೆಯಂದಿರೇ,

ಈ ವಿಷಯ ನಾನು ಆರಿಸಿಕೊಂಡದ್ದಲ್ಲ, ನೀವೇ ಕೇಳಿದ್ದು. ಗುಳಿಗೆ ಕೊಡುವಾಗ, ಸಕ್ಕರೆ ನೋಡಲು ಬೆರಳು ಚುಚ್ಚುವಾಗ ಮೆಲ್ಲಗೆ ಕೇಳುತ್ತೀರಿ: “ಸಿಸ್ಟರ್, ಊರಾಗ ಮನಿಮನಿಗೂ ಜ್ವರ ಕೆಮ್ಮು ಅದ. ಬರೋ ವಾರ ತಮ್ಮನ ಮಗಳ ಲಗ್ನ ಅದ. ಹೋಗ್ಲೋ ಬ್ಯಾಡೋ?” ‘ಬೇಡ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನಮಗೆ ಸುಲಭ. ಆದರೆ ನಾಳೆ ಬೀಗರ ಮುಂದೆ, ಅಣ್ಣತಮ್ಮಂದಿರ ಮುಂದೆ ಉತ್ತರ ಕೊಡಬೇಕಾದವರು ನೀವು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಮಾತಾಡೋಣ.

ಮೊದಲು ಕೇಳಬೇಕಾದ ಪ್ರಶ್ನೆ, ಊರಲ್ಲಿ ಬಂದಿರುವ ರೋಗ ಯಾವುದು ಎಂಬುದು. ೨೦೦೬ರಲ್ಲಿ ಚಿಕೂನ್‌ಗುನ್ಯಾ ಬಂದಾಗ ನಮ್ಮ ಭಾಗದ ಎಷ್ಟೋ ಜನ ಕೀಲು ಹಿಡಿದುಕೊಂಡು ಗೋಡೆ ಆಸರೆಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಅದು ಸೊಳ್ಳೆಯಿಂದ ಬರುವ ರೋಗ, ಡೆಂಗೀ ಜ್ವರವೂ ಹಾಗೆಯೇ. ಲಗ್ನಕ್ಕೆ ಹೋಗದೆ ಮನೆಯಲ್ಲೇ ಕುಳಿತರೂ ಹಗಲು ಹೊತ್ತು ಮನೆಯ ಬ್ಯಾರಲ್ಲಿನ ನೀರಿನಲ್ಲಿ ಬೆಳೆದ ಸೊಳ್ಳೆ ಕಚ್ಚಿದರೆ ಬರುತ್ತದೆ. ಅಲ್ಲಿ ಬೇಕಾದದ್ದು ಬ್ಯಾರಲ್ ಮುಚ್ಚುವುದು, ವಾರಕ್ಕೊಮ್ಮೆ ತೊಳೆದು ಒಣಗಿಸುವುದು. ವಾಂತಿಭೇದಿ ಹಬ್ಬಿದ್ದರೆ ಭಯವಿರುವುದು ನೀರಿನಲ್ಲಿ ಮತ್ತು ಆರಿದ ಅಡಿಗೆಯಲ್ಲಿ. ಕಾಯಿಸಿ ಆರಿಸಿದ ನೀರನ್ನು ಬಾಟಲಿಯಲ್ಲಿ ಒಯ್ಯಿರಿ, ಬಿಸಿ ಇದ್ದದ್ದನ್ನೇ ಉಣ್ಣಿರಿ.

ಜನಸಂದಣಿಯೇ ಅಪಾಯವಾಗುವುದು ಉಸಿರು, ಕೆಮ್ಮು, ಸೀನುಗಳ ಮೂಲಕ ಹರಡುವ ರೋಗಗಳಲ್ಲಿ. ಕೊರೊನಾ ಅಂಥದ್ದು. ಇನ್‌ಫ್ಲುಯೆಂಜಾ, ಅಂದರೆ ಜನ ‘ಹಂದಿಜ್ವರ’ ಎಂದು ಕರೆದ ಎಚ್೧ಎನ್೧ ಸಹ ಅಂಥದ್ದೇ. ಅದು ೨೦೦೯ರಲ್ಲಿ ಜಗತ್ತಿಗೆಲ್ಲ ಹಬ್ಬಿತು, ಅನಂತರ ಪೂರ್ತಿ ಹೋಗಲೇ ಇಲ್ಲ. ನಮ್ಮ ದೇಶದಲ್ಲಿ ಈ ಜ್ವರ ಸಾಮಾನ್ಯವಾಗಿ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ನಮ್ಮ ಜಾತ್ರೆಗಳು ಯಾವಾಗ? ಸಂಕ್ರಾಂತಿಯಿಂದ ಯುಗಾದಿವರೆಗೆ. ಪುರಾಣ ಪ್ರವಚನಗಳು ಶ್ರಾವಣದಲ್ಲಿ. ಜ್ವರದ ಕಾಲವೂ ಜನ ಕೂಡುವ ಕಾಲವೂ ಹೀಗೆ ಜೊತೆಜೊತೆಗೇ ಬರುತ್ತವೆ.

ಇನ್ನು ದೀರ್ಘಕಾಲದ ಕಾಯಿಲೆಯವರಿಗೆ ಮಾತ್ರ ಇಷ್ಟು ಎಚ್ಚರಿಕೆ ಏಕೆ? ದೂರದ ಉದಾಹರಣೆ ಬೇಡ. ೨೦೨೦ರ ಮಾರ್ಚ್ ೧೦ರಂದು ಕಲಬುರಗಿಯ ೭೬ ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನಗಳ ನಂತರ ಅದು ಕೊರೊನಾ ಎಂದು ಖಚಿತವಾಯಿತು. ಇಡೀ ಭಾರತದಲ್ಲಿ ಆ ರೋಗದ ಮೊದಲ ಸಾವು ನಮ್ಮ ಜಿಲ್ಲೆಯದು. ಅವರಿಗೆ ಮೊದಲೇ ರಕ್ತದೊತ್ತಡವಿತ್ತು, ದಮ್ಮಿತ್ತು. ಅದೇ ವರ್ಷ ಚೀನಾದಲ್ಲಿ ೪೪,೬೭೨ ರೋಗಿಗಳ ಲೆಕ್ಕ ತೆಗೆದು ನೋಡಿದರು. ಬೇರೆ ಯಾವ ಕಾಯಿಲೆಯೂ ಇಲ್ಲದವರಲ್ಲಿ ನೂರಕ್ಕೆ ಒಬ್ಬರೂ ಸತ್ತಿರಲಿಲ್ಲ (ಶೇ. ೦.೯). ಸಕ್ಕರೆ ಕಾಯಿಲೆಯವರಲ್ಲಿ ಶೇ. ೭.೩, ಹೃದ್ರೋಗದವರಲ್ಲಿ ಶೇ. ೧೦.೫, ಬಿ.ಪಿ. ಇದ್ದವರಲ್ಲಿ ಶೇ. ೬ ಮಂದಿ ತೀರಿಹೋಗಿದ್ದರು. ಲಸಿಕೆ ಬಂದ ಮೇಲೆ ಈ ಅಂಕಿಗಳು ಬಹಳ ಇಳಿದಿವೆ, ಹೆದರಬೇಡಿ. ಆದರೆ ಒಂದೇ ರೋಗ ಎಲ್ಲರ ಮೈಯಲ್ಲೂ ಒಂದೇ ರೀತಿ ನಡೆಯುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಸಕ್ಕರೆ ಹೆಚ್ಚಿದ್ದಾಗ ರಕ್ತದ ಬಿಳಿಕಣಗಳು ರೋಗಾಣುಗಳ ಜೊತೆ ಸರಿಯಾಗಿ ಹೋರಾಡುವುದಿಲ್ಲ. ಜ್ವರ ಬಂದರೆ ಸಕ್ಕರೆ ಮತ್ತೂ ಏರುತ್ತದೆ. ದಮ್ಮಿನವರ ಶ್ವಾಸನಾಳ ಮೊದಲೇ ಕಿರಿದು, ಅದರಲ್ಲಿ ಕಫ ತುಂಬಿದರೆ ಉಸಿರಿಗೆ ದಾರಿ ಎಲ್ಲಿ? ಆದರೆ ಸಕ್ಕರೆ, ಬಿ.ಪಿ. ಹತೋಟಿಯಲ್ಲಿ ಇಟ್ಟುಕೊಂಡವರಿಗೆ ಇಷ್ಟು ಅಪಾಯವಿಲ್ಲ. ‘ಹೋಗಲೋ ಬೇಡವೋ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಕೈಯಲ್ಲಿರುವ ಚೀಟಿಯಲ್ಲೇ ಇರುತ್ತದೆ. ಸಕ್ಕರೆ ಮುನ್ನೂರು ದಾಟಿದವರಿಗೂ ನೂರಾ ಮೂವತ್ತರಲ್ಲಿ ಇರುವವರಿಗೂ ನಾನು ಒಂದೇ ಮಾತು ಹೇಳುವುದಿಲ್ಲ.

ಇನ್ನರ್ಧ ಉತ್ತರ ಕಾರ್ಯಕ್ರಮ ಎಂಥದ್ದು ಎಂಬುದರಲ್ಲಿದೆ. ಬಯಲಲ್ಲಿ ದೂರ ನಿಂತು ತೇರಿಗೆ ಕೈಮುಗಿಯುವುದು ಬೇರೆ, ಕಿಟಕಿ ಮುಚ್ಚಿದ ಕಲ್ಯಾಣ ಮಂಟಪದಲ್ಲಿ ಮೂರು ತಾಸು ಕೂಡುವುದು ಬೇರೆ. ನನ್ನನ್ನು ಕೇಳಿದರೆ ಮಂಟಪಕ್ಕಿಂತಲೂ ಕೆಟ್ಟದ್ದು ಅಲ್ಲಿಗೆ ಹೋಗುವ ಕ್ರೂಸರ್ ಗಾಡಿ. ಹತ್ತು ಮಂದಿ ಕೂಡುವಲ್ಲಿ ಹದಿನೆಂಟು ಮಂದಿ, ಧೂಳು ಬರುತ್ತದೆಂದು ಕಾಜು ಏರಿಸಿರುತ್ತಾರೆ, ಅದರಲ್ಲಿ ಇಬ್ಬರು ಕೆಮ್ಮುತ್ತಿರುತ್ತಾರೆ. ಊರಿನಿಂದ ಸೊಲ್ಲಾಪುರದವರೆಗೆ ಹಾಗೆ ಹೋದರೆ ಲಗ್ನ ಮುಗಿಸಿಯೇ ಬಂದಂತೆ! ಹೋಗಲೇಬೇಕಾದರೆ ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಹಾಕಿ, ಕಿಟಕಿ ಪಕ್ಕ ಕುಳಿತು ಕಾಜು ಇಳಿಸಿಕೊಳ್ಳಿ. ಅಕ್ಕಿಕಾಳಿನ ನೂಕುನುಗ್ಗಲಿಗೆ ಹೋಗದೆ ಹಿಂದಿನ ದಿನವೋ ಮರುದಿನವೋ ಮನೆಗೆ ಹೋಗಿ ಮದುಮಕ್ಕಳಿಗೆ ಹರಸಿ ಬನ್ನಿ.

ಹಿರೋಳ್ಳಿ ಸೀಮೆಯವರು ಇನ್ನೊಂದು ಮಾತು ಗಮನಿಸಬೇಕು. ನಮ್ಮದು ಗಡಿ. ಬೀಗತನ ಅಕ್ಕಲಕೋಟೆಯಲ್ಲಿ, ದುಡಿಮೆ ಸೊಲ್ಲಾಪುರ, ಪುಣೆ, ಮುಂಬಯಿಯಲ್ಲಿ. ೨೦೨೧ರಲ್ಲಿ ಮಹಾರಾಷ್ಟ್ರದಿಂದ ಬರುವವರು ಕೊರೊನಾ ಪರೀಕ್ಷೆಯ ವರದಿ ತೋರಿಸಬೇಕಿತ್ತು. ಚೆಕ್‌ಪೋಸ್ಟ್ ಗಾಡಿಯನ್ನು ತಡೆಯಬಹುದು, ಕೆಮ್ಮನ್ನು ಪೂರ್ತಿ ತಡೆಯಲಾರದು. ಅಲ್ಲಿ ಜ್ವರ ಎದ್ದಿದೆ ಎಂದು ಕೇಳಿದರೆ ಇಲ್ಲಿಗೂ ಬಂದಿದೆ ಎಂದೇ ತಿಳಿದು ನಡೆಯಿರಿ.

‘ದೇವರ ಕಾರ್ಯ ತಪ್ಪಿಸಬಾರದು’ ಎನ್ನುತ್ತೀರಿ. ೨೦೨೦ ಮತ್ತು ೨೦೨೧ರಲ್ಲಿ ಪಂಢರಪುರದ ಆಷಾಢ ವಾರಿಯ ಕಾಲ್ನಡಿಗೆಯನ್ನೇ ನಿಲ್ಲಿಸಿ, ಸಂತರ ಪಾದುಕೆಗಳನ್ನು ಬಸ್ಸಿನಲ್ಲಿ ಒಯ್ದರು. ಅದೇ ೨೦೨೦ರ ಏಪ್ರಿಲ್‌ನಲ್ಲಿ ನಮ್ಮದೇ ಚಿತ್ತಾಪುರ ತಾಲೂಕಿನ ರಾವೂರಿನಲ್ಲಿ ಲಾಕ್‌ಡೌನ್ ಇದ್ದರೂ ಜನ ಸೇರಿ ತೇರು ಎಳೆದರು, ಪೊಲೀಸ್ ಕೇಸಾಯಿತು. ಎರಡೂ ಕಡೆ ಭಕ್ತಿ ಕಡಿಮೆ ಇರಲಿಲ್ಲ.

ಕಠಿಣವಾದದ್ದು ಸಾವಿನ ಮನೆ. ಲಗ್ನ ತಪ್ಪಿದರೆ ಮುಂದೆ ಕುಬಸಕ್ಕೆ ಹೋಗಬಹುದು. ಆದರೆ ಒಡಹುಟ್ಟಿದವರ ಮಣ್ಣಿಗೆ ಹೋಗದಿದ್ದರೆ ಆ ದುಃಖ ಜೀವಮಾನವಿಡೀ ಕೊರೆಯುತ್ತದೆ. ಇಲ್ಲಿ ನಾನು ‘ಬೇಡ’ ಎನ್ನುವುದಿಲ್ಲ. ಗುಳಿಗೆ ನುಂಗಿ, ಉಂಡು ಹೋಗಿ. ಇನ್ಸುಲಿನ್ ಚುಚ್ಚಿಕೊಂಡು ಉಪವಾಸ ಕುಳಿತರೆ ಅಲ್ಲೇ ತಲೆ ತಿರುಗಿ ಬೀಳುತ್ತೀರಿ. ಒಳಗಿನ ಕೋಣೆಯಲ್ಲಿ ತಬ್ಬಿಕೊಂಡು ಅಳುವ ಗುಂಪಿನಲ್ಲಿ ಕೂಡದೆ ಅಂಗಳದಲ್ಲಿ ಕುಳಿತು, ಮುಖ ನೋಡಿ, ಮಣ್ಣು ಕೊಟ್ಟು ಬನ್ನಿ. ಸ್ವತಃ ನಿಮಗೇ ಜ್ವರವಿದ್ದರೆ ಮಾತ್ರ ಹೋಗಬೇಡಿ. ಅಲ್ಲಿಯೂ ನಿಮ್ಮಂಥ ಮುದುಕರು ಇರುತ್ತಾರೆ.

ಜೊತೆಗೆ ಬಂದಿರುವ ಮಕ್ಕಳಿಗೆ ಈಗ ಹೇಳುತ್ತೇನೆ. ಅವ್ವನನ್ನು ಮನೆಯಲ್ಲಿ ಕೂಡಿಸಿ ನೀವು ನಾಲ್ಕು ಲಗ್ನ, ಎರಡು ಜಾತ್ರೆ ತಿರುಗಿ ಬಂದು ಅವಳ ಪಕ್ಕದಲ್ಲೇ ಮಲಗಿದರೆ ಅವಳು ಮನೆಯಲ್ಲಿ ಕುಳಿತು ಏನು ಬಂತು? ಜ್ವರ ಹಬ್ಬಿದಾಗ ನಿಯಮ ಇಡೀ ಮನೆಗೆ. ಕೆಮ್ಮು ಶುರುವಾದವರು ಬೇರೆ ಮಲಗಬೇಕು, ಮನೆಯೊಳಗೂ ಮಾಸ್ಕ್ ಹಾಕಬೇಕು. ಹಾಗೆಂದು ಅವ್ವನನ್ನು ತಿಂಗಳುಗಟ್ಟಲೆ ಒಂದು ಕೋಣೆಯಲ್ಲಿ ಇಡಬೇಡಿ. ಲಾಕ್‌ಡೌನಿನಲ್ಲಿ ಮಾತಾಡುವವರಿಲ್ಲದೆ ಊಟ ಬಿಟ್ಟವರನ್ನು, ಗುಳಿಗೆ ಮರೆತವರನ್ನು ಕಂಡಿದ್ದೇವೆ. ಸಂಜೆ ಕಟ್ಟೆಯ ಮೇಲೆ ಗಾಳಿಯಲ್ಲಿ ಇಬ್ಬರು ಗೆಳತಿಯರ ಜೊತೆ ಕುಳಿತರೆ ನಷ್ಟವಿಲ್ಲ.

ಬಿಡಬಾರದ ಜನಸಂದಣಿಯೂ ಒಂದಿದೆ, ಅದು ದವಾಖಾನೆ. ಡಯಾಲಿಸಿಸ್‌ನವರು ಜನರಿಗೆ ಹೆದರಿ ಒಂದು ಸರತಿ ತಪ್ಪಿಸಿದರೂ ಮೈಯಲ್ಲಿ ನೀರು ತುಂಬಿ, ಪೊಟ್ಯಾಶಿಯಂ ಏರಿ ಪ್ರಾಣಕ್ಕೇ ಬರಬಹುದು. ಮಾಸ್ಕ್ ಹಾಕಿಕೊಂಡು ಬನ್ನಿ, ಜ್ವರವಿದ್ದರೆ ಬಾಗಿಲಲ್ಲೇ ಹೇಳಿ, ಆದರೆ ಬನ್ನಿ. ಬರೀ ಗುಳಿಗೆಗಾಗಿಯಾದರೆ ಮನೆಯವರು ಚೀಟಿ ತಂದು ಕೇಳಬಹುದು. ಬಿ.ಪಿ., ಸಕ್ಕರೆ ಗುಳಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಉಚಿತ. ಜಾತ್ರೆ ಕಾಲಕ್ಕೆ ಮೊದಲೇ ಫ್ಲೂ ಲಸಿಕೆಯ ಬಗ್ಗೆ ಡಾಕ್ಟರರನ್ನು ಕೇಳಿ. ಅದನ್ನು ವರ್ಷಕ್ಕೊಮ್ಮೆ ಹಾಕಿಸಬೇಕು, ರಕ್ಷಣೆ ಬರಲು ಎರಡು ವಾರ ಬೇಕು. ತೇರಿನ ಹಿಂದಿನ ದಿನ ಚುಚ್ಚಿಸಿಕೊಂಡರೆ ಪ್ರಯೋಜನವಿಲ್ಲ.

ಹೋಗಿ ಬಂದಾಯಿತು, ಮೂರನೆಯ ದಿನ ಗಂಟಲು ಕೆರೆಯಿತು ಎನ್ನಿ. ಬಿ.ಪಿ., ಸಕ್ಕರೆ ಗುಳಿಗೆಯಾಗಲಿ ಇನ್ಸುಲಿನ್ ಆಗಲಿ ನೀವಾಗಿಯೇ ನಿಲ್ಲಿಸಬೇಡಿ. ಊಟ ಸೇರದಿದ್ದರೆ, ವಾಂತಿಯಾಗುತ್ತಿದ್ದರೆ ಎಷ್ಟು ತೆಗೆದುಕೊಳ್ಳಬೇಕೆಂದು ಅಂದೇ ಫೋನ್ ಮಾಡಿ ಕೇಳಿ. ಅಂಗಡಿಯಿಂದ ಗುಳಿಗೆ ತಂದು ನಾಲ್ಕು ದಿನ ಕಾಯಬೇಡಿ. ವಯಸ್ಸಾದವರಿಗೆ ಕೆಲವೊಮ್ಮೆ ಜ್ವರ ಏರುವುದೇ ಇಲ್ಲ, ಬರೀ ಸುಸ್ತು ಇರುತ್ತದೆ, ಮಾತು ತಡವರಿಸುತ್ತದೆ. ಏದುಸಿರು ಬಂದರೆ, ಎದೆ ಹಿಡಿದರೆ, ಬೆರಳಿಗೆ ಹಾಕಿ ನೋಡುವ ಆಕ್ಸಿಮೀಟರಿನಲ್ಲಿ ೯೪ಕ್ಕಿಂತ ಕಡಿಮೆ ತೋರಿಸಿದರೆ ರಾತ್ರಿಯಾಗಿದೆ ಎನ್ನದೆ ಕರೆತನ್ನಿ.

ನಿಮ್ಮ ಚೀಟಿ ತಂದವರು ಈಗ ಒಬ್ಬೊಬ್ಬರಾಗಿ ಮುಂದೆ ಬನ್ನಿ. ಯಾವ ಕಾರ್ಯ, ಯಾವ ಊರು, ಎಷ್ಟು ಜನ ಎಂದು ಹೇಳಿ, ಸಕ್ಕರೆ ಬಿ.ಪಿ. ನೋಡಿಕೊಂಡೇ ತೀರ್ಮಾನಿಸೋಣ.