ಪ್ರೊಫೆಸರ್ ಸಾಹೇಬ್ರೇ, ಎಷ್ಟು ಸೀಟು?

2024ರ ಜೂನ್ 1ರ ಸಂಜೆ ನೆನಪಿದೆಯಲ್ಲ? ಲೋಕಸಭೆಯ ಕೊನೇ ಹಂತದ ಮತದಾನ ಮುಗಿದದ್ದೇ ತಡ, ಯಾವ ಚಾನೆಲ್ ಹಾಕಿದರೂ ಎಕ್ಸಿಟ್ ಪೋಲ್ ಜಾತ್ರೆ. ಹೆಚ್ಚಿನವು ಎನ್‌ಡಿಎಗೆ 350ರ ಮೇಲೆ ಕೊಟ್ಟವು, ಕೆಲವು 400 ಕೂಡ ದಾಟಿಸಿಬಿಟ್ಟವು. ಜೂನ್ 4ರಂದು ಎಣಿಕೆ ಮುಗಿದಾಗ ಎನ್‌ಡಿಎ 293ಕ್ಕೆ ನಿಂತಿತು. ಬಿಜೆಪಿ 240. ಆಮೇಲೆ ಜನ ಬೈದಿದ್ದು ಯಾರನ್ನ? ಸರ್ವೆ ಮಾಡಿದ ಕಂಪನಿಗಳನ್ನ ಬೈದರು, ನಮ್ಮಂಥ ಆ್ಯಂಕರ್‌ಗಳನ್ನ ಬೈದರು, ಜೊತೆಗೆ ಸ್ಟುಡಿಯೋದಲ್ಲಿ ಕೂತಿದ್ದ ಯೂನಿವರ್ಸಿಟಿ ಮೇಷ್ಟ್ರುಗಳನ್ನೂ ಸೇರಿಸಿಕೊಂಡು ಬೈದರು. "ಇವರಿಗೆ ಸಂಬಳ ಯಾಕೆ ಕೊಡ್ತಾರೆ ಸ್ವಾಮಿ?" ಅನ್ನೋ ಮಾತು ಎಲ್ಲ ಕಟ್ಟೆ ಮೇಲೂ ಬಂತು.

ಸ್ವಲ್ಪ ತಡೀರಿ. ಆ ಮೇಷ್ಟ್ರು ಸರ್ವೆ ಮಾಡಿರಲಿಲ್ಲ. ಯಾರೋ ಮಾಡಿದ ಸರ್ವೆಯ ಅಂಕಿಯನ್ನ ಅವರ ಮುಂದೆ ಹಿಡಿದು, "ಸರ್, ಒಂದೇ ವಾಕ್ಯದಲ್ಲಿ ಹೇಳಿ, ಇಷ್ಟು ಬರುತ್ತಾ?" ಅಂತ ಕೇಳಲಾಗಿತ್ತು. ರಾಜ್ಯಶಾಸ್ತ್ರ ಓದಿದವರನ್ನ ಸೀಟು ಎಷ್ಟು ಅಂತ ಕೇಳೋದು, ಹವಾಮಾನ ಇಲಾಖೆಯವರನ್ನ ನಮ್ಮೂರ ಮದುವೆ ದಿನ ಮಳೆ ಬರುತ್ತಾ ಅಂತ ಮೂರು ತಿಂಗಳು ಮೊದಲೇ ಕೇಳಿದ ಹಾಗೆ. ಅವರು ಹೇಳಬಲ್ಲದ್ದು ಬೇರೇನೇ ಇದೆ. ಅದನ್ನ ಮಾತ್ರ ಕೇಳೋರಿಲ್ಲ.

ಒಂದು ಉದಾಹರಣೆ ನಮ್ಮ ಮನೆಯಿಂದಲೇ ತಗೊಳ್ಳಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ ಬಂದದ್ದು ಸುಮಾರು ಶೇ. 36 ಮತ, 104 ಸೀಟು. 2023ರಲ್ಲೂ ಅದೇ ಸುಮಾರು ಶೇ. 36. ಸೀಟು? 66. ಮತ ಕದಲಲಿಲ್ಲ, 38 ಸೀಟು ಹೋಯ್ತು! ಯಾಕೆ? ಜೆಡಿಎಸ್ ಶೇ. 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ ಶೇ. 38ರಿಂದ ಸುಮಾರು 43ಕ್ಕೆ ಏರಿತು. ಅಂದರೆ ನಿಮ್ಮ ಮತ ನಿಮ್ಮ ಹತ್ತಿರವೇ ಇದ್ದರೂ, ಎದುರಿನವರ ಮತ ಒಂದು ಕಡೆ ಸೇರಿದರೆ ನೀವು ಸೋಲ್ತೀರಿ. ದೇಶದ ಲೆಕ್ಕವೂ ಹೀಗೇ. 2019ರಲ್ಲಿ ಬಿಜೆಪಿಗೆ ಶೇ. 37.4 ಮತ, 303 ಸೀಟು. 2024ರಲ್ಲಿ ಶೇ. 36.6, ಸೀಟು 240. ಶೇಕಡಾ ಒಂದರಷ್ಟೂ ಇಳಿದಿಲ್ಲ, 63 ಸೀಟು ಕಡಿಮೆ. ಇದನ್ನ ಬಿಡಿಸಿ ಹೇಳಬಲ್ಲ ಮೇಷ್ಟ್ರಿಗೆ ಸಿಗೋದು ನಲವತ್ತು ಸೆಕೆಂಡು. ಅದರಲ್ಲೂ ಹತ್ತು ಸೆಕೆಂಡು ಪಕ್ಕದ ಕಿಟಕಿಯಲ್ಲಿರೋ ಪಕ್ಷದ ವಕ್ತಾರರು ಕೂಗಾಡ್ತಿರ್ತಾರೆ.

ಇನ್ನೊಂದು ಮಾತು. 'ವೋಟ್ ಬ್ಯಾಂಕ್'. ಈ ಪದ ಬಳಸದ ಡಿಬೇಟ್ ಒಂದಾದರೂ ಇದೆಯಾ? ಇದು ಯಾವುದೋ ಪಕ್ಷದ ಕಚೇರಿಯಲ್ಲಿ ಹುಟ್ಟಿದ ಪದ ಅಲ್ಲ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1955ರ ಒಂದು ಲೇಖನದಲ್ಲಿ ಬಳಸಿದ ಪದ. ಅದಕ್ಕೂ ಮೊದಲು, 1948ರಲ್ಲಿ, ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಹೋಗಿ ಉಳಿದಿದ್ದರು. ಆ ಹಳ್ಳಿಗೆ ಬರವಣಿಗೆಯಲ್ಲಿ ಅವರು ಕೊಟ್ಟ ಹೆಸರು ರಾಮಪುರ. ಯಾರ ಜಮೀನು ಯಾರು ಉಳ್ತಾರೆ, ಯಾರ ಜಗಳ ಯಾರು ತೀರ್ಮಾನಿಸ್ತಾರೆ, ಯಾರ ಮನೆ ಮದುವೆಗೆ ಯಾರು ಹೋಗ್ತಾರೆ, ಎಲ್ಲ ಬರೆದುಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟಾಗ, ಆ ಹಳ್ಳಿಯ ಮೇಲಿನ ವರ್ಷಗಳ ಕೆಲಸದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಪುಸ್ತಕ ಬರೆದರು ಪುಣ್ಯಾತ್ಮ.

ಅವರ ಅರ್ಥದಲ್ಲಿ ವೋಟ್ ಬ್ಯಾಂಕ್ ಅಂದರೆ ಏನು? ಊರಿನ ದೊಡ್ಡ ಮನುಷ್ಯ ತನ್ನ ಹಿಡಿತದಲ್ಲಿರೋ ಒಕ್ಕಲು, ನೆಂಟರು, ಸಾಲಗಾರರ ಮತಗಳನ್ನ ಒಟ್ಟುಮಾಡಿ ಅಭ್ಯರ್ಥಿಗೆ ತಲುಪಿಸುವ ವ್ಯವಸ್ಥೆ. ಬ್ಯಾಂಕ್ ಮ್ಯಾನೇಜರ್ ಅವನು, ಮತದಾರನಲ್ಲ. ಈಗ ನಾವು ಆ ಪದವನ್ನ ಒಂದು ಧರ್ಮ ಅಥವಾ ಜಾತಿಯ ಕಡೆ ಬೆರಳು ತೋರಿಸೋಕೆ ಬಳಸ್ತೀವಿ. ಬೈಗುಳ ಮಾಡಿಕೊಂಡಿದ್ದೀವಿ. ಮ್ಯಾನೇಜರ್ ಆರಾಮಾಗಿ ತಪ್ಪಿಸಿಕೊಂಡ, ಖಾತೆದಾರ ಸಿಕ್ಕಿಬಿದ್ದ! ಡಿಬೇಟ್‌ನಲ್ಲಿ ಯಾರಾದರೂ ಮೇಷ್ಟ್ರು ಈ ವ್ಯತ್ಯಾಸ ಹೇಳೋಕೆ ಬಾಯಿ ತೆರೆದರೆ, "ಸರ್, ಕ್ಲಾಸ್ ಬೇಡ, ಪಾಯಿಂಟ್‌ಗೆ ಬನ್ನಿ" ಅನ್ನುತ್ತೆ ನಮ್ಮ ಕುಲ. ಪಾಯಿಂಟೇ ಅದು.

ಹಾಗಂತ ತಪ್ಪೆಲ್ಲ ಚಾನೆಲ್‌ಗಳದ್ದು ಅಂತ ಹೇಳಿ ಕೈ ತೊಳೆದುಕೊಳ್ಳೋಕಾಗಲ್ಲ. ಕ್ಯಾಂಪಸ್‌ಗಳ ಒಳಗೆ ಏನಾಗ್ತಿದೆ ನೋಡಿ. 2023ರಲ್ಲಿ ಅಶೋಕ ಯೂನಿವರ್ಸಿಟಿಯ ಅರ್ಥಶಾಸ್ತ್ರದ ಅಧ್ಯಾಪಕ ಸವ್ಯಸಾಚಿ ದಾಸ್, 2019ರ ಲೋಕಸಭಾ ಚುನಾವಣೆಯಲ್ಲಿ ಅತಿ ಕಡಿಮೆ ಅಂತರದ ಕ್ಷೇತ್ರಗಳ ಫಲಿತಾಂಶ ಒಂದು ಪಕ್ಷದ ಕಡೆ ಅಸಹಜವಾಗಿ ವಾಲಿದೆ ಅಂತ ಪ್ರಬಂಧ ಬರೆದರು. ಇನ್ನೂ ವಿದ್ವಾಂಸರ ಪರಿಶೀಲನೆಯಾಗಿ ಅಚ್ಚಾಗದ ಪ್ರಬಂಧ. ದೇಶವಿಡೀ ಗಲಾಟೆ. ಯೂನಿವರ್ಸಿಟಿ ಅದರಿಂದ ದೂರ ಸರಿಯಿತು, ದಾಸ್ ರಾಜೀನಾಮೆ ಕೊಟ್ಟು ಹೊರಟರು. ಅವರನ್ನ ಬೆಂಬಲಿಸಿ ಇನ್ನೊಬ್ಬ ಪ್ರಾಧ್ಯಾಪಕರೂ ರಾಜೀನಾಮೆ ಕೊಟ್ಟರು. ಪ್ರಬಂಧ ಸರಿಯಾ, ತಪ್ಪಾ? ಅದನ್ನ ಅಂಕಿಸಂಖ್ಯೆ ಬಲ್ಲವರು ಇನ್ನೊಂದು ಪ್ರಬಂಧ ಬರೆದು ತೋರಿಸಲಿ. ಅದು ಬಿಟ್ಟು ಮೇಷ್ಟ್ರ ಕೆಲಸವೇ ಹೋದರೆ, ನಾಳೆ ಮೈಸೂರಿನಲ್ಲೋ ಧಾರವಾಡದಲ್ಲೋ ಕೂತಿರೋ ಯುವ ಅಧ್ಯಾಪಕ ಏನು ಕಲೀತಾನೆ? ಟಿವಿಯವರು ಕರೆದರೆ ಹೋಗು, ನಗು, ಸೀಟು ಹೇಳು, ಬಾ. ಇಷ್ಟೇ.

ಇದರಿಂದ ನಷ್ಟ ಯಾರಿಗೆ ಅಂದರೆ, ನಿಮಗೆ. ಮುಂದೆ ಬರ್ತಿರೋದು ಸಣ್ಣ ವಿಷಯ ಅಲ್ಲ. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಅನ್ನೋದು ಇವತ್ತಿಗೂ 1971ರ ಜನಗಣತಿಯ ಲೆಕ್ಕದಲ್ಲೇ ನಿಂತಿದೆ. 2026ರ ನಂತರ ಆಗೋ ಮೊದಲ ಜನಗಣತಿಯವರೆಗೆ ಅದನ್ನ ಮುಟ್ಟಬಾರದು ಅಂತ ಸಂವಿಧಾನಕ್ಕೆ ತಿದ್ದುಪಡಿ ತಂದಿದ್ದರು. ಆ ಬೇಲಿ ಈಗ ತೆಗೆಯೋ ಹೊತ್ತು. ಕರ್ನಾಟಕಕ್ಕೆ 28, ಉತ್ತರ ಪ್ರದೇಶಕ್ಕೆ 80 ಅನ್ನೋ ಲೆಕ್ಕ ಹಾಗೇ ಉಳಿಯುತ್ತಾ? ಕುಟುಂಬ ಯೋಜನೆಯನ್ನ ಸರಿಯಾಗಿ ಪಾಲಿಸಿದ ರಾಜ್ಯಕ್ಕೇ ದನಿ ಕಡಿಮೆಯಾಗುತ್ತಾ? ಅಥವಾ ಜಾಸ್ತಿ ಜನ ಇರೋ ಕಡೆ ಒಬ್ಬ ಸಂಸದ ಲಕ್ಷಾಂತರ ಹೆಚ್ಚು ಜನರನ್ನ ಪ್ರತಿನಿಧಿಸೋದು ಅಲ್ಲಿನವರಿಗೆ ಅನ್ಯಾಯವಾ? ಎರಡು ಕಡೆಯೂ ನ್ಯಾಯ ಇದೆ, ಅದಕ್ಕೇ ಇದು ಕಷ್ಟ. ಇದಕ್ಕೆ ಜನಸಂಖ್ಯಾಶಾಸ್ತ್ರ ಬಲ್ಲವರು ಬೇಕು, ಸಂವಿಧಾನ ಪಾಠ ಮಾಡೋರು ಬೇಕು. ಎಂಟು ಕಿಟಕಿ ಬೇಡ, ಇಬ್ಬರು ಸಾಕು, ಅರ್ಧ ಗಂಟೆ ಕೊಡಿ. ಈ ಕುರ್ಚಿಯಲ್ಲಿ ಅವರನ್ನ ಕೂರಿಸೋಕೆ ನಾನು ತಯಾರಿದ್ದೀನಿ. ಆ ಅರ್ಧ ಗಂಟೆ ನೀವು ರಿಮೋಟ್ ಕೆಳಗಿಟ್ಟು ಕೂರ್ತೀರಾ, ಹೇಳಿ.