ಪಂಪ್‌ಸೆಟ್ಟಿನ ರಿಪೇರಿ ಪುಸ್ತಕ: ಮಾಡುವುದು ಹೇಗೆ, ಬೆಲೆ ಕಟ್ಟುವುದು ಹೇಗೆ?

ಪೈರು ತೆನೆ ಕಟ್ಟುವ ಹೊತ್ತಿನಲ್ಲಿ ಪಂಪು ನಿಂತುಹೋದರೆ ಏನಾಗುತ್ತದೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಮೆಕ್ಯಾನಿಕ್ ಪೇಟೆಯಲ್ಲಿರುತ್ತಾನೆ. ಅವನಿಗೆ ಇನ್ನೂ ಹತ್ತು ಊರಿನ ಕೆಲಸ. ಅವನು ಬರುವುದರೊಳಗೆ ಮಡಿ ಬಿರುಕು ಬಿಟ್ಟಿರುತ್ತದೆ. ಬಂದವನು ಫುಟ್‌ವಾಲ್ವಿಗೆ ಸಿಕ್ಕಿಕೊಂಡಿದ್ದ ಕಡ್ಡಿಯೊಂದನ್ನು ತೆಗೆದು, ಪಂಪಿಗೆ ನೀರು ತುಂಬಿ, ಚಾಲೂ ಮಾಡಿ ಹೊರಟುಬಿಡುತ್ತಾನೆ. ‘ಇಷ್ಟೇನಾ! ಗೊತ್ತಿದ್ದರೆ ನಾವೇ ಮಾಡಿಕೊಳ್ತಿದ್ವಲ್ಲಾ’ ಎನ್ನುತ್ತೀರಿ. ಹಾಗೆ ಗೊತ್ತುಮಾಡಿಸುವ ಪುಸ್ತಕವೊಂದನ್ನು ನಿಮ್ಮ ಸಹಕಾರ ಸಂಘವೋ, ಯುವಕ ಸಂಘವೋ, ಮಹಿಳಾ ಗುಂಪೋ ತಾನೇ ಹೊರತರಬಹುದು. ಅದನ್ನು ಹೇಗೆ ಮಾಡಬೇಕು, ಸಂಘದ ದುಡ್ಡು ಮುಳುಗದ ಹಾಗೆ ಬೆಲೆ ಹೇಗೆ ಕಟ್ಟಬೇಕು ಎಂಬುದೇ ಈ ಹೊತ್ತಿನ ವಿಷಯ.

ಮೊದಲು ಒಂದು ಎಚ್ಚರಿಕೆ. ಕಂಪನಿಯವರು ಯಂತ್ರದ ಜೊತೆ ಕೊಟ್ಟ ಪುಸ್ತಕವನ್ನು ಹಾಗೆಯೇ ನಕಲು ತೆಗೆದು ಮಾರುವಂತಿಲ್ಲ. ಆ ಬರಹ ಮತ್ತು ಚಿತ್ರಗಳಿಗೆ 1957ರ ಹಕ್ಕುಸ್ವಾಮ್ಯ ಕಾಯಿದೆಯ ರಕ್ಷಣೆಯುಂಟು. ಆದರೆ ರಿಪೇರಿಯ ತಿಳುವಳಿಕೆ ಯಾರೊಬ್ಬರ ಸೊತ್ತೂ ಅಲ್ಲ. ನಿಮ್ಮದೇ ಮಾತಿನಲ್ಲಿ ಬರೆಯಿರಿ, ನಿಮ್ಮ ಊರಿನ ಪಂಪನ್ನೇ ಮುಂದಿಟ್ಟುಕೊಂಡು ಚಿತ್ರ ಬರೆಸಿರಿ.

ಇನ್ನು ಬರೆಯುವ ಕ್ರಮ. ಯಂತ್ರದ ಭಾಗಗಳ ಹೆಸರಿನಿಂದ ಶುರುಮಾಡಬೇಡಿ. ರೈತನ ಕಣ್ಣಿಗೆ ಕಾಣುವ ತೊಂದರೆಯಿಂದ ಶುರುಮಾಡಿ. ಒಂದು ತೊಂದರೆಗೆ ಒಂದು ಪುಟ. ಬಾವಿಯಿಂದಲೋ ಕೃಷಿಹೊಂಡದಿಂದಲೋ ನೀರೆತ್ತುವ ಪಂಪನ್ನು ತೆಗೆದುಕೊಳ್ಳೋಣ. ‘ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ’ ಎಂಬುದು ಒಂದು ಪುಟದ ತಲೆಬರಹ. ಅದರ ಕೆಳಗೆ ಖರ್ಚಿಲ್ಲದ ತಪಾಸಣೆ ಮೊದಲು ಬರಬೇಕು. ಪಂಪಿನಲ್ಲಿ ನೀರು ತುಂಬಿದೆಯೇ? ತುಂಬಿದ ನೀರು ಇಳಿದುಹೋಗುತ್ತಿದ್ದರೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ? ನೀರು ಹೀರುವ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿದೆಯೇ? ಕಡೆಗೆ, ಮೋಟಾರು ಬಾಣದ ಗುರುತಿನ ಕಡೆಗೇ ತಿರುಗುತ್ತಿದೆಯೇ? ಮೂರು ಫೇಸಿನ ಮೋಟಾರಿನಲ್ಲಿ ಎರಡು ತಂತಿ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಆದರೆ ತಂತಿ ಬದಲಾಯಿಸುವುದು ಓದುಗನ ಕೆಲಸವಲ್ಲ. ‘ಇಲ್ಲಿ ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ’ ಎಂದು ಅಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕು. ‘ಮೇನ್ ಆಫ್ ಮಾಡಿ, ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ’ ಎಂಬ ಮಾತು ಪ್ರತಿಯೊಂದು ಪುಟದ ಮೇಲ್ತುದಿಯಲ್ಲೂ ಇರತಕ್ಕದ್ದು. ಬೇರೆ ಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ನಗು ಬಂದೀತು. ಇಂಥ ಪುಸ್ತಕದಲ್ಲಿ ತಪ್ಪಿದರೆ ಜೀವ ಹೋದೀತು.

ಆದುದರಿಂದ ಅಚ್ಚಿಗೆ ಕೊಡುವ ಮುನ್ನ ಎರಡು ಪರೀಕ್ಷೆ ಆಗಲೇಬೇಕು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಮೊದಲಿನಿಂದ ಕೊನೆಯವರೆಗೆ ಓದಿ ಒಪ್ಪಬೇಕು. ಆಮೇಲೆ ಪಂಪನ್ನು ಎಂದೂ ಬಿಚ್ಚದ ಒಬ್ಬರ ಕೈಗೆ ಕೊಡಿ. ಮನೆಯ ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು, ಗಂಡಸರು ಊರಲ್ಲಿಲ್ಲದಾಗ ಪಂಪು ನೋಡುವವಳು ಅವಳೇ ತಾನೇ? ಎಲೆಕ್ಟ್ರಿಷಿಯನ್ ಹತ್ತಿರವೇ ಇರಲಿ. ಬರೆದವನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರಲಿ. ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲಿ ಪುಟವೇ ಸರಿಯಿಲ್ಲ, ಓದುಗಳಲ್ಲ. ತಿದ್ದಿ ಬರೆಯಿರಿ. ಈ ಇಬ್ಬರಿಗೂ ಕೂಲಿ ಕೊಡಬೇಕು. ಅದನ್ನು ಖರ್ಚಿಗೆ ಸೇರಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಒಂದು ಹಾಳೆಯನ್ನು ಮೂರು ಸಲ ಮಡಿಸಿದರೆ 16 ಪುಟವಾಗುತ್ತದೆ. ಹಾಗಾಗಿ 32 ಪುಟಕ್ಕೆ ಎರಡು ಹಾಳೆ ಸಾಕು. 33ನೆಯ ಪುಟ ಬೇಕೆಂದರೆ ಖರ್ಚು ಏರುತ್ತದೆ. ಬರಹವನ್ನು ಹಾಳೆಗೆ ತಕ್ಕಂತೆ ಕತ್ತರಿಸಿಕೊಳ್ಳಿ.

ಖರ್ಚಿನಲ್ಲಿ ಎರಡು ಬಗೆ. ಚಿತ್ರ, ಅಕ್ಷರ ಜೋಡಣೆ, ಪರೀಕ್ಷೆ, ಅಚ್ಚಿನ ಪ್ಲೇಟು, ಇವು ಒಂದು ಪ್ರತಿ ತೆಗೆದರೂ ಅಷ್ಟೇ, ಸಾವಿರ ತೆಗೆದರೂ ಅಷ್ಟೇ. ಕಾಗದ ಮತ್ತು ಹೊಲಿಗೆ ಪ್ರತಿಯ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಉದಾಹರಣೆಗೆ ಮೊದಲ ಬಗೆಯ ಖರ್ಚು 12,000 ರೂಪಾಯಿ, ಎರಡನೆಯದು ಪ್ರತಿಗೆ 25 ರೂಪಾಯಿ ಎಂದಿಟ್ಟುಕೊಳ್ಳಿ. 300 ಪ್ರತಿ ತೆಗೆದರೆ ಒಂದಕ್ಕೆ 65 ರೂಪಾಯಿ ಬೀಳುತ್ತದೆ. 1,000 ತೆಗೆದರೆ 37 ರೂಪಾಯಿ ಮಾತ್ರ.

‘ಹಾಗಾದರೆ ಸಾವಿರವೇ ಇರಲಿ ಸ್ವಾಮಿ, 50 ರೂಪಾಯಿಗೆ ಮಾರೋಣ’ ಅಂತೀರಾ? ಸ್ವಲ್ಪ ತಾಳಿ. ಅಂಗಡಿಯವನು ನೂರಕ್ಕೆ 25 ಹಿಡಿದುಕೊಂಡರೆ ಸಂಘಕ್ಕೆ ಬರುವುದು 37 ರೂಪಾಯಿ 50 ಪೈಸೆ. 400 ಪ್ರತಿ ಹೋಗಿ ಉಳಿದದ್ದು ಹೋಗದಿದ್ದರೆ 15,000 ಬಂದು 22,000 ರೂಪಾಯಿ ಸಂಘದ ಅಟ್ಟದ ಮೇಲೆ ಇಲಿಗಳ ಪಾಲಾಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು.

300 ಪ್ರತಿಯೇ ತೆಗೆಯಿರಿ. ಬೆಲೆ 80 ಇಟ್ಟರೆ ಅಂಗಡಿಯ ಪಾಲು ಕಳೆದು 60 ಬರುತ್ತದೆ. ಪ್ರತಿಯೊಂದಕ್ಕೂ 5 ರೂಪಾಯಿ ನಷ್ಟ. 100 ಇಟ್ಟರೆ 75 ಬರುತ್ತದೆ. 260 ಪ್ರತಿ ಹೋದಾಗ ಹಾಕಿದ 19,500 ರೂಪಾಯಿಯೂ ಕೈಸೇರುತ್ತದೆ. ಮಿಕ್ಕ 40 ಪ್ರತಿಯಿಂದ ಬರುವ 3,000 ರೂಪಾಯಿಯನ್ನು ಲಾಭವೆಂದು ಹಂಚಿಕೊಳ್ಳಬೇಡಿ. ಅದು ಎರಡನೆಯ ಮುದ್ರಣದಲ್ಲಿ ತಪ್ಪು ತಿದ್ದುವುದಕ್ಕೆ ಬೀಜದ ಕಾಳು ಇದ್ದ ಹಾಗೆ. ಪುಸ್ತಕಕ್ಕೆ ನೂರು ರೂಪಾಯಿ ಹೆಚ್ಚಾಯಿತೆಂದು ಯಾರಾದರೂ ಅಂದರೆ, ಮೆಕ್ಯಾನಿಕ್ ಒಂದು ಸಲ ಬಂದುಹೋಗುವ ಖರ್ಚಿನ ಪಕ್ಕದಲ್ಲಿ ಅದನ್ನಿಟ್ಟು ನೋಡಲು ಹೇಳಿ.

ಇನ್ನು ಮೊಬೈಲ್ ಪ್ರತಿ. ಅದಕ್ಕೆ ಕಾಗದ ಬೇಡವೆಂಬುದು ನಿಜ. ಆದರೆ ಚಿತ್ರ ಬರೆದವನ, ಪರೀಕ್ಷೆ ಮಾಡಿದವರ ಕೂಲಿ ಬಿಟ್ಟಿಯೇನಲ್ಲ. 40 ರೂಪಾಯಿ ಇಡಿ. ಅಚ್ಚಿನ ಪುಸ್ತಕ ಕೊಂಡವರಿಗೆ ಅದನ್ನು ಹಾಗೆಯೇ ಕೊಡಿ. ದೊಡ್ಡ ಪುಟವನ್ನು ಪಿಡಿಎಫ್ ಮಾಡಿದರೆ ಮೊಬೈಲಿನಲ್ಲಿ ಅಕ್ಷರ ಇರುವೆಯಂತೆ ಕಾಣುತ್ತದೆ. ಆದುದರಿಂದ ಅಂಗೈ ಅಗಲದ ಪುಟವನ್ನು ಬೇರೆಯಾಗಿಯೇ ಜೋಡಿಸಬೇಕು. ಅಕ್ಷರ ಯೂನಿಕೋಡ್‌ನಲ್ಲಿರಲಿ. ಹಳೆಯ ಬಗೆಯ ಫಾಂಟಿನಲ್ಲಿ ಜೋಡಿಸಿದರೆ ‘ಫುಟ್‌ವಾಲ್ವ್’ ಎಂದು ಹುಡುಕಿದರೂ ಸಿಗುವುದಿಲ್ಲ.

ಮೊಬೈಲ್ ಪ್ರತಿಯನ್ನು ಒಬ್ಬರು ಕೊಂಡು ಹತ್ತು ಜನರಿಗೆ ಕಳಿಸಿಯಾರು. ಅದು ಬೇಲಿಯಿಲ್ಲದ ಹೊಲ. ಆದುದರಿಂದ ಅದರ ಆದಾಯವನ್ನು ನಂಬಿ ಅಚ್ಚಿನ ಲೆಕ್ಕ ಹಾಕಬೇಡಿ. ವಿದ್ಯುತ್ತಿನ ಎಚ್ಚರಿಕೆಯ ಪುಟವನ್ನಂತೂ ನೀವೇ ಎಲ್ಲರಿಗೂ ಪುಕ್ಕಟೆ ಹಂಚಿಬಿಡಿ. ಅದಕ್ಕೆ ಬೆಲೆ ಕಟ್ಟಬಾರದು. ಮೊಬೈಲ್ ಪ್ರತಿಯಲ್ಲಿ ತಪ್ಪನ್ನು ಅಂದೇ ತಿದ್ದಬಹುದು ಎಂಬುದು ಅದರ ದೊಡ್ಡ ಗುಣ. ಕೈ ಗ್ರೀಸಾದಾಗ, ಚಾರ್ಜು ಮುಗಿದಾಗ ಪಂಪುಮನೆಯ ಮೊಳೆಗೆ ನೇತುಹಾಕಿದ ಕಾಗದವೇ ಗತಿ. ಎರಡೂ ಬೇಕು.

ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ಶುಲ್ಕವಿಲ್ಲದೆ ಪಡೆಯಬಹುದು. ಮುದ್ರಣದ ತಿಂಗಳು, ವರುಷವನ್ನು ಮರೆಯದೆ ಹಾಕಿರಿ. ಎರಡನೆಯ ಮುದ್ರಣ ಬಂದಾಗ ಯಾವುದು ಹಳೆಯದೆಂದು ತಿಳಿಯಬೇಕು.

ಮುಂದಿನ ಸಂಘದ ಸಭೆಯಲ್ಲಿ ಒಂದು ಕೆಲಸ ಮಾಡಿ. ಕಳೆದ ವರ್ಷ ನಿಮ್ಮ ಊರಿನ ಪಂಪುಗಳು ಏತಕ್ಕೆ ನಿಂತವು ಎಂದು ಮನೆಗೊಬ್ಬರನ್ನು ಕೇಳಿ, ಒಂದು ಪಟ್ಟಿ ಮಾಡಿ. ಆ ಪಟ್ಟಿಯೇ ನಿಮ್ಮ ಪುಸ್ತಕದ ವಿಷಯಸೂಚಿ. ಎಷ್ಟು ಮನೆಯವರು ಹಣ ಕೊಟ್ಟು ಕೊಳ್ಳುತ್ತೇವೆಂದು ಕೈ ಎತ್ತುತ್ತಾರೋ ಅದನ್ನೂ ಬರೆದುಕೊಳ್ಳಿ. ಎಷ್ಟು ಪ್ರತಿ ಅಚ್ಚು ಹಾಕಿಸಬೇಕೆಂಬುದು ಅದರಿಂದಲೇ ತಿಳಿಯುತ್ತದೆ.